ಮೂರು ಸರ್ವರ್, ಒಂದೇ ಬಾಗಿಲು

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು, ಮನೇಲಿ ಕೂರ್ಸಿರೋ ಮೀಡಿಯಾ ಸರ್ವರ್, ಅಂದ್ರೆ ನಮ್ಮ ಸಿನಿಮಾ ಹಾಡುಗಳನ್ನ ಟೀವಿಗೋ ಫೋನಿಗೋ ಕಳಿಸೋ ಕಂಪ್ಯೂಟರು, ಮನೆ ಒಳಗೆ ಚೆನ್ನಾಗ್ ಓಡತ್ತೆ, ಆಚೆ ಹೋದ ತಕ್ಷಣ ಸಿಗಲ್ಲ ಅಂತ. ಅದಕ್ಕೆ ಮೊಬೈಲ್ ಬ್ಯಾಟರಿ, ಪ್ರಿಂಟರ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ತಳ್ಳಿ ಈ ಸಲ ಪೂರ್ತಿ ಇದೇ ಇಟ್ಕೊಂಡಿದೀನಿ. ಕೆಳಗೆ ಬರೋ ಪ್ಲೆಕ್ಸ್, ಜೆಲ್ಲಿಫಿನ್, ಎಂಬಿ (Emby) ಮೂರೂ ಈ ಕೆಲಸ ಮಾಡೋ ಸಾಫ್ಟ್‌ವೇರುಗಳು.

ಪ್ರಶ್ನೆ: ನಮ್ಮನೇಲಿ ಮೂರು ಸರ್ವರ್ ಆಗೋಗಿದೆ ಸಾರ್, ಬೇಕಂತ ಮಾಡಿದ್ದಲ್ಲ, ಹಾಗೇ ಸೇರ್ಕೊಂಡಿದ್ದು. ನನ್ನ ಹಳೇ ಡೆಸ್ಕ್‌ಟಾಪಲ್ಲಿ ಪ್ಲೆಕ್ಸ್, ಅದ್ರಲ್ಲಿ ಸಿನಿಮಾ. ಅಪ್ಪ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ಕೂತು ರೆಕಾರ್ಡ್ ಮಾಡ್ಕೊಂಡಿದ್ದ ರಾಮನವಮಿ ಕಚೇರಿ ಕ್ಯಾಸೆಟ್ಟು, ಮನೆಯವರ ಮದುವೆ ವಿಡಿಯೋ ಎಲ್ಲಾ ಡಿಜಿಟಲ್ ಮಾಡಿ ಒಂದು ನ್ಯಾಸ್ ಡಬ್ಬಿಗೆ (ನೆಟ್‌ವರ್ಕಿಗೆ ಸೇರ್ಸೋ ಹಾರ್ಡ್ ಡಿಸ್ಕ್ ಡಬ್ಬಿ) ಹಾಕಿದೀವಿ, ಅದ್ರಲ್ಲೂ ಪ್ಲೆಕ್ಸ್. ತಮ್ಮ ಒಂದು ಮಿನಿ ಪಿಸಿ ತಂದು ಜೆಲ್ಲಿಫಿನ್ ಹಾಕ್ಕೊಂಡಿದಾನೆ. ಮೈಸೂರಲ್ಲಿರೋ ಅಕ್ಕಂಗೆ ಅಪ್ಪನ ಕ್ಯಾಸೆಟ್ ಕೇಳೋ ಆಸೆ. ರೂಟರಲ್ಲಿ 32400 ಪೋರ್ಟನ್ನ ನನ್ನ ಡೆಸ್ಕ್‌ಟಾಪ್‌ಗೆ ಫಾರ್ವರ್ಡ್ ಮಾಡಿದೀನಿ, ಸಿನಿಮಾ ಬರ್ತಿದೆ. ಅದೇ ನಂಬರ್ ನ್ಯಾಸ್‌ಗೂ ಕೊಡಕ್ಕೋದ್ರೆ ರೂಟರ್ ಒಪ್ಪಲ್ಲ. 32401 ರಿಂದ 32401 ಗೆ ಅಂತ ಕೊಟ್ಟೆ, ಸೇವ್ ಆಯ್ತು, ಆದ್ರೆ ನ್ಯಾಸ್‌ನ ಪ್ಲೆಕ್ಸಲ್ಲಿ ಆಚೆಯಿಂದ ಸಿಗ್ತಿಲ್ಲ ಅನ್ನೋ ಕೆಂಪು ಗುರುತು ಹೋಗ್ತಿಲ್ಲ. ಎಲ್ಲಿ ತಪ್ಪಿದೀನಿ?
— ಓದುಗರು, ರಾಜಾಜಿನಗರ

ಉತ್ತರ: ಒಂದೇ ಒಂದು ಅಂಕೀಲಿ ತಪ್ಪಿದೀರ. ಪೋರ್ಟ್ ಅಂದ್ರೆ ಬಾಗಿಲ ನಂಬರು, ಫಾರ್ವರ್ಡ್ ಅಂದ್ರೆ ಆ ನಂಬರ್ ಕೇಳ್ಕೊಂಡು ಆಚೆಯಿಂದ ಬಂದೋರನ್ನ ರೂಟರ್ ಒಳಗಿನ ಒಂದು ಮಷೀನಿಗೆ ಕಳಿಸೋದು. ಆಚೆ ನಂಬರ್ 32401 ಸರಿ, ಒಳಗಿನ ನಂಬರ್ 32400 ಆಗ್ಬೇಕು. ನ್ಯಾಸಲ್ಲಿರೋ ಪ್ಲೆಕ್ಸ್ ಆಚೆಯಿಂದ ಬರೋರಿಗೆ 32401ರಲ್ಲಿ ಕಿವಿ ಕೊಟ್ಟು ಕೂತೇ ಇಲ್ಲ, ಪ್ಲೆಕ್ಸ್ ಎಲ್ಲಿ ಹಾಕಿದ್ರೂ ತನ್ನ ಮಷೀನಲ್ಲಿ 32400ರಲ್ಲೇ ಕೂರೋದು, ನೀವು ಬಾಗಿಲಿಲ್ಲದ ಗೋಡೆ ತಟ್ತಾ ಇದೀರ ಅಷ್ಟೇ.

ರಾಜಾಜಿನಗರದೋರಿಗೆ ವಠಾರ ಅಂದ್ರೆ ಬಿಡಿಸಿ ಹೇಳೋದು ಬೇಡ ಅನ್ಕೋತೀನಿ. ರಸ್ತೆಗೆ ಒಂದೇ ಗೇಟು, ಒಂದೇ ಅಡ್ರೆಸ್ಸು, ಒಳಗೆ ನಾಲ್ಕೈದು ಸಂಸಾರ. ಇಂಟರ್ನೆಟ್ ಕಂಪನಿ ನಿಮಗೆ ಕೊಟ್ಟಿರೋ ಒಂದು ಪಬ್ಲಿಕ್ ಐಪಿ ಅನ್ನೋದು ಆ ಗೇಟು, 192.168 ಇಂದ ಶುರುವಾಗೋ ಐಪಿಗಳು ಒಳಗಿನ ಮನೆಗಳು. ಎಲ್ಲಾ ಮನೆಗೂ ಒಂದೊಂದು ಮುಂಬಾಗಿಲು ಇರತ್ತೆ, ಎಲ್ಲರ ಮುಂಬಾಗಿಲ ಮೇಲೂ 32400 ಅಂತಾನೇ ಬರ್ದಿದ್ರೂ ಜಗಳ ಇಲ್ಲ, ಯಾಕಂದ್ರೆ ಮನೆ ಬೇರೆ ಬೇರೆ. ಜಗಳ ಬರೋದು ಗೇಟಲ್ಲಿ. ಗೇಟಿಗೆ ಬಂದೋನು 32400 ಅಂದ್ರೆ ಯಾರ ಮನೆಗೆ ಕಳಿಸ್ಬೇಕು ಅಂತ ರೂಟರ್‌ಗೆ ಒಂದೇ ಉತ್ತರ ಗೊತ್ತಿರ್ಬೇಕು, ಎರಡು ಬರ್ದ್ರೆ ಅದು ಒಪ್ಪಲ್ಲ, ಒಪ್ಪದೇ ಇರೋದೇ ಸರಿ ಕೂಡ.

ಸೋ ಮೊದಲು ಮೂರು ಮಷೀನಿಗೂ ಐಪಿ ಗಟ್ಟಿ ಮಾಡಿ. ರೂಟರಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಅಂತ ಇರತ್ತೆ, ಅಲ್ಲಿ ಡೆಸ್ಕ್‌ಟಾಪ್‌ಗೆ ಕೊನೇ ಅಂಕಿ 10, ನ್ಯಾಸ್‌ಗೆ 11, ಮಿನಿ ಪಿಸಿಗೆ 12 ಅಂತ ಕೊಡಿ. ಇದನ್ನ ಮಾಡ್ದೇ ಇರೋರೇ ಜಾಸ್ತಿ, ಆಮೇಲೆ ಒಂದಿನ ಕರೆಂಟ್ ಹೋಗಿ ಬಂದ್ಮೇಲೆ ಮಷೀನ್‌ಗಳ ಐಪಿ ಅದಲು ಬದಲಾಗಿ, ನ್ಯಾಸ್‌ಗೆ ಹೋಗ್ಬೇಕಿದ್ದ ದಾರಿ ಟೀವಿಗೋ ಪ್ರಿಂಟರಿಗೋ ಹೋಗ್ತಾ ಇರತ್ತೆ, ಇವ್ರು ಪ್ಲೆಕ್ಸ್ ಕೆಟ್ಟೋಯ್ತು ಅಂತ ರೀಇನ್‌ಸ್ಟಾಲ್ ಮಾಡ್ತಾ ಕೂರ್ತಾರೆ.

ಆಮೇಲೆ ಫಾರ್ವರ್ಡಿಂಗ್, ಪ್ರೋಟೋಕಾಲ್ ಯಾವುದು ಅಂತ ಕೇಳೋ ಕಡೆ ಎಲ್ಲದಕ್ಕೂ ಟಿಸಿಪಿ ಅಂತ ಆರಿಸಿ. ಆಚೆ 32400 ಬಂದ್ರೆ 10ರ 32400, ಆಚೆ 32401 ಬಂದ್ರೆ 11ರ 32400. ಇಷ್ಟು ಮಾಡಿ ನ್ಯಾಸ್‌ನ ಪ್ಲೆಕ್ಸ್ ಸೆಟ್ಟಿಂಗ್ಸಲ್ಲಿ ರಿಮೋಟ್ ಆಕ್ಸೆಸ್ ತೆಗೆದು, ಪಬ್ಲಿಕ್ ಪೋರ್ಟನ್ನ ಕೈಯಾರೆ ಕೊಡ್ತೀನಿ ಅನ್ನೋ ಟಿಕ್ ಹಾಕಿ 32401 ಅಂತ ತುಂಬಿ ಅಪ್ಲೈ ಒತ್ತಿ. ಈ ಟಿಕ್ ಮರೀಬೇಡಿ. ಪ್ಲೆಕ್ಸ್ ಸರ್ವರ್ ತನ್ನ ಆಚೆ ಅಡ್ರೆಸ್ಸು, ಆಚೆ ಪೋರ್ಟು ಎರಡನ್ನೂ ಪ್ಲೆಕ್ಸ್ ಕಂಪನಿಯ ಸರ್ವರ್‌ಗೆ ಹೇಳಿಟ್ಟಿರತ್ತೆ, ನಿಮ್ಮಕ್ಕನ ಟೀವಿ ಆಪ್ ಅಲ್ಲಿ ಕೇಳ್ಕೊಂಡು ನೇರ ನಿಮ್ಮನೆ ಗೇಟಿಗೆ ಬರತ್ತೆ, ಅದಕ್ಕೇ ಅಕ್ಕ ಯಾವ ನಂಬರೂ ಟೈಪ್ ಮಾಡ್ಬೇಕಿಲ್ಲ, ಆದ್ರೆ ನೀವು ಹೇಳಿಟ್ಟಿರೋ ನಂಬರೇ ತಪ್ಪಾಗಿದ್ರೆ ಅದೂ ತಪ್ಪು ಕಡೆಗೇ ಬರತ್ತೆ.

ಜೆಲ್ಲಿಫಿನ್ ಕಥೆ ಬೇರೆ. ಅದಕ್ಕೆ ಮಧ್ಯದಲ್ಲಿ ಹೇಳೋರು ಕೇಳೋರು ಯಾರೂ ಇಲ್ಲ, ಅಡ್ರೆಸ್ಸು ಪೋರ್ಟು ಎರಡೂ ಆಪಲ್ಲಿ ನಾವೇ ಬರೀಬೇಕು. ಅದ್ರ ಪೋರ್ಟ್ 8096, ಅದು ಬರೀ ಎಚ್‌ಟಿಟಿಪಿ, ಅಂದ್ರೆ ಪಾಸ್‌ವರ್ಡ್ ಪೋಸ್ಟ್‌ಕಾರ್ಡಲ್ಲಿ ಬರ್ದು ಕಳಿಸ್ದಂಗೆ. 8096ನ ನೇರವಾಗಿ ಆಚೆ ಬಿಡಬೇಡಿ ಅಂತ ನಿಮ್ಮ ತಮ್ಮಂಗೆ ಹೇಳಿ, ಅವ್ನಿಗೆ ಬೇರೆ ದಾರಿ ಕೆಳಗೆ ಹೇಳ್ತೀನಿ.

ಇಷ್ಟಾದ್ಮೇಲೆ ಟೆಸ್ಟ್ ಮಾಡೋವಾಗ ಮನೆ ವೈಫೈಲಿ ಕೂತು ಮಾಡಬೇಡಿ. ಎಷ್ಟೋ ರೂಟರ್‌ಗಳಿಗೆ ಒಳಗಿಂದ ಆಚೆ ಹೋಗಿ ಅದೇ ಗೇಟಿಂದ ವಾಪಸ್ ಒಳಗೆ ಬರಕ್ಕೆ ಗೊತ್ತಾಗಲ್ಲ, ಎಲ್ಲಾ ಸರಿ ಇದ್ರೂ ಫೇಲ್ ಅಂತ ತೋರ್ಸತ್ತೆ. ಫೋನಲ್ಲಿ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ. ನಾನು ಈ ತಪ್ಪು ಮಾಡಿ ಒಂದು ಇಡೀ ಭಾನುವಾರ ಕಳ್ಕೊಂಡಿದೀನಿ, ಊಟಕ್ಕೆ ಕರೆದ್ರೂ ಹೋಗದೆ, ಮನೇಲಿ ಅದನ್ನ ಇನ್ನೂ ಎತ್ತಾಡ್ತಾರೆ.

ಪ್ರಶ್ನೆ: ಎಲ್ಲಾ ಸರಿಯಾಗಿ ಫಾರ್ವರ್ಡ್ ಮಾಡಿದೀನಿ, ಎರಡೆರಡು ಸಲ ನೋಡಿದೀನಿ. ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರೆ ನಿಮ್ಮ ಪೋರ್ಟೆಲ್ಲಾ ಓಪನ್ ಇದೆ ಸಾರ್, ರೂಟರ್ ರೀಸ್ಟಾರ್ಟ್ ಮಾಡಿ ಅಂತಾರೆ. ಹತ್ತು ಸಲ ರೀಸ್ಟಾರ್ಟ್ ಮಾಡಾಯ್ತು. ರೂಟರ್ ಒಳಗೆ ವ್ಯಾನ್ ಐಪಿ (ರೂಟರಿನ ಆಚೆ ಬದಿಯ ಅಡ್ರೆಸ್ಸು) 100.72 ಅಂತ ಶುರುವಾಗತ್ತೆ, ಅದು ಏನಾದ್ರೂ ಸುಳಿವು ಕೊಡತ್ತಾ?
— ಓದುಗರು, ಬನಶಂಕರಿ 3ನೇ ಹಂತ

ಉತ್ತರ: ಸುಳಿವಲ್ಲ, ಅದೇ ಉತ್ತರ. ನೀವು ವಠಾರದೊಳಗಿನ ವಠಾರದಲ್ಲಿದೀರ.

ಐಪಿವಿ4, ಅಂದ್ರೆ ಹಳೇ ಥರದ ಐಪಿ ಅಡ್ರೆಸ್ಸು ಇಡೀ ಪ್ರಪಂಚಕ್ಕೆ ಇರೋದೇ ಸುಮಾರು 430 ಕೋಟಿ, ಅದ್ರ ಕೇಂದ್ರ ದಾಸ್ತಾನು 2011ರ ಫೆಬ್ರವರೀಲೇ ಖಾಲಿ ಆಯ್ತು. ಆಮೇಲೆ ಕಂಪನಿಗಳು ಏನ್ ಮಾಡಿದ್ವು ಅಂದ್ರೆ ಒಂದು ಪಬ್ಲಿಕ್ ಐಪೀನ ಎಷ್ಟೋ ಗಿರಾಕಿಗಳಿಗೆ ಹಂಚಕ್ಕೆ ಶುರು ಮಾಡಿದ್ವು, ಇದಕ್ಕೆ ಸಿಜಿನ್ಯಾಟ್ ಅಂತಾರೆ. ಈ ಕೆಲಸಕ್ಕೆ ಅಂತಾನೇ 2012ರಲ್ಲಿ 100.64 ರಿಂದ 100.127 ರವರೆಗಿನ ಅಡ್ರೆಸ್ಸುಗಳನ್ನ ಮೀಸಲಿಟ್ರು. ನಿಮ್ಮ 100.72 ಸರಿಯಾಗಿ ಅದ್ರ ಮಧ್ಯೆ ಬರತ್ತೆ. ನಿಮ್ಮ ಗೇಟಲ್ಲಿ ನೀವು ಎಷ್ಟು ಬೋರ್ಡ್ ಬರ್ದು ನೇತಾಕಿದ್ರೂ ಅದಕ್ಕಿಂತ ಆಚೆ ಕಂಪನಿಯ ದೊಡ್ಡ ಗೇಟ್ ಇದೆ, ಅಲ್ಲಿ ನಿಮ್ಮ ಬೋರ್ಡ್ ಇಲ್ಲ, ಹಾಕಕ್ಕೂ ಬಿಡಲ್ಲ. ಫೋನ್ ಎತ್ತಿದ ಆ ಹುಡುಗ ಸುಳ್ಳು ಹೇಳಿದ್ದಲ್ಲ, ಅವ್ನ ಮುಂದಿರೋ ಸ್ಕ್ರೀನಲ್ಲಿ ಇದು ಕಾಣ್ಸಲ್ಲ.

ಬೇರೆಯೋರು ಕೂಡ ಪೋರ್ಟ್ ಮುಟ್ಟೋ ಮೊದಲು ಇದನ್ನ ನೋಡ್ಕೊಳ್ಳಿ, ಎರಡು ನಿಮಿಷದ ಕೆಲಸ. ರೂಟರ್ ಪೇಜಲ್ಲಿ ವ್ಯಾನ್ ಐಪಿ ಏನಿದೆ ಬರ್ಕೊಳ್ಳಿ, ಆಮೇಲೆ ಬ್ರೌಸರಲ್ಲಿ ನನ್ನ ಐಪಿ ಏನು ಅಂತ ಇಂಗ್ಲಿಷಲ್ಲಿ ಹುಡುಕಿ ಬರೋ ನಂಬರ್ ನೋಡಿ. ಎರಡೂ ಒಂದೇ ಆದ್ರೆ ನೀವು ಅದೃಷ್ಟವಂತರು, ಫಾರ್ವರ್ಡಿಂಗ್ ಕೆಲಸ ಮಾಡತ್ತೆ. ಬೇರೆ ಬೇರೆ ಇದ್ದು ವ್ಯಾನ್ ಐಪಿ 100.64 ರಿಂದ 100.127 ರೊಳಗೆ ಇದ್ರೆ ಸಿಜಿನ್ಯಾಟ್. ಕೆಲವು ಕಂಪನಿಗಳು ಇದಕ್ಕೆ 10 ರಿಂದ ಶುರುವಾಗೋ ಐಪೀನೂ ಬಳಸ್ತಾರೆ. ಇನ್ನು 192.168 ಇಂದ ಶುರುವಾದ್ರೆ ಅದು ಹೆಚ್ಚಾಗಿ ಮನೆಯೊಳಗಿನ ಸಮಸ್ಯೆ, ಕಂಪನಿಯೋರು ಗೋಡೆಗೆ ಹೊಡ್ದಿರೋ ಫೈಬರ್ ಡಬ್ಬೀನೂ ರೂಟರ್, ನೀವು ಎಸ್‌ಪಿ ರೋಡಿಂದ ತಂದ ಡಬ್ಬೀನೂ ರೂಟರ್, ಇಬ್ರೂ ಯಜಮಾನ್ರೇ. ಕಂಪನಿ ಡಬ್ಬೀನ ಬ್ರಿಡ್ಜ್ ಮೋಡಿಗೆ ಹಾಕ್ಸಿ, ಆಗ ಅದು ಯಜಮಾನಿಕೆ ಬಿಟ್ಟು ಬರೀ ದಾರಿ ಕೊಡತ್ತೆ, ಇಲ್ಲಾ ಅದ್ರಲ್ಲೂ ಒಂದು ಸಲ ಫಾರ್ವರ್ಡ್ ಮಾಡಿ ಆಮೇಲೆ ನಿಮ್ಮದ್ರಲ್ಲಿ ಮಾಡಿ.

ಸಿಜಿನ್ಯಾಟ್ ಇದ್ದೋರಿಗೆ ದಾರಿ ಮೂರು. ಕಂಪನೀಲಿ ದುಡ್ಡು ಕೊಟ್ಟು ಸ್ಟಾಟಿಕ್ ಐಪಿ ಸಿಗತ್ತಾ ಕೇಳಿ, ಕೆಲವರು ಕೊಡ್ತಾರೆ. ಎರಡನೇದು ಐಪಿವಿ6 ಅನ್ನೋ ಹೊಸ ಥರದ ಐಪಿ, ಅದ್ರಲ್ಲಿ ಪ್ರತಿ ಮಷೀನಿಗೂ ಸ್ವಂತ ಪಬ್ಲಿಕ್ ಅಡ್ರೆಸ್ ಇರತ್ತೆ, ಪೋರ್ಟ್ ಹಂಚ್ಕೊಳ್ಳೋ ಕಷ್ಟಾನೇ ಇಲ್ಲ, ಪ್ಲೆಕ್ಸ್ ಸರ್ವರ್ ಎಷ್ಟಿದ್ರೂ ಎಲ್ಲಕ್ಕೂ ಅದೇ 32400 ಇಟ್ಕೋಬೋದು, ರೂಟರ್ ಫೈರ್‌ವಾಲಲ್ಲಿ ಅನುಮತಿ ಕೊಟ್ರೆ ಸಾಕು, ಆದ್ರೆ ನೋಡೋರ ಕಡೇನೂ ಐಪಿವಿ6 ಇರ್ಬೇಕು, ಮೊಬೈಲ್ ನೆಟ್‌ವರ್ಕಲ್ಲಿ ಸಿಗೋದು ಹೋಟೆಲ್ ವೈಫೈಲಿ ಸಿಗ್ದೇ ಹೋಗ್ಬೋದು. ಮೂರನೇದು ಟೇಲ್‌ಸ್ಕೇಲ್ ಥರದ ವಿಪಿಎನ್ ಆಪು, ವಿಪಿಎನ್ ಅಂದ್ರೆ ಇಂಟರ್ನೆಟ್ ಮೇಲೇ ನಮ್ಮ ಮಷೀನುಗಳ ಮಧ್ಯೆ ಹಾಕ್ಕೊಳ್ಳೋ ಖಾಸಗಿ ದಾರಿ, ನಾನು ನನ್ನ ಮನೆಗೆ ಹಾಕ್ಕೊಂಡಿರೋದು ಇದೇ. ಸರ್ವರಲ್ಲೂ ಫೋನಲ್ಲೂ ಇನ್‌ಸ್ಟಾಲ್ ಮಾಡಿ ಒಂದೇ ಅಕೌಂಟಲ್ಲಿ ಲಾಗಿನ್ ಆದ್ರೆ ಆಯ್ತು, ಎರಡೂ ಕಡೆಯೋರು ಒಳಗಿಂದ ಆಚೆ ಬಂದು ಕೈ ಹಿಡ್ಕೋತಾರೆ, ಯಾವ ಗೇಟಲ್ಲೂ ಬೋರ್ಡ್ ಬೇಡ. ತಮಾಷೆ ಅಂದ್ರೆ ಟೇಲ್‌ಸ್ಕೇಲ್ ಕೂಡ ತನ್ನ ಮಷೀನುಗಳಿಗೆ ಅದೇ 100ರ ಅಡ್ರೆಸ್ಸುಗಳನ್ನೇ ಹಂಚತ್ತೆ, ಅದನ್ನ ನೋಡಿ ಅಯ್ಯೋ ಮತ್ತೆ ಸಿಜಿನ್ಯಾಟಾ ಅಂತ ಗಾಬರಿ ಬೀಳ್ಬೇಡಿ.

ಪ್ರಶ್ನೆ: ಇಷ್ಟೆಲ್ಲಾ ಯಾಕೆ, ಯುಪಿಎನ್‌ಪಿ ಆನ್ ಮಾಡಿದ್ರೆ ರೂಟರ್ ತಾನೇ ಎಲ್ಲಾ ಓಪನ್ ಮಾಡ್ಕೊಳ್ಳಲ್ವಾ?
— ಓದುಗರು, ಮಲ್ಲೇಶ್ವರ

ಉತ್ತರ: ಮಾಡ್ಕೊಳತ್ತೆ, ಅದೇ ಭಯ. ನಿಮ್ಮ ಪ್ಲೆಕ್ಸ್ ಕೇಳಿದ್ರೂ ತೆಗಿಯತ್ತೆ, ಯಾವುದೋ ಅಗ್ಗದ ಕ್ಯಾಮೆರಾ ಕೇಳಿದ್ರೂ ತೆಗಿಯತ್ತೆ, ನಿಮಗೆ ಒಂದು ಮಾತೂ ಹೇಳಲ್ಲ. ಆಫ್ ಮಾಡಿ ಕೈಯಾರೆ ಬರೀರಿ. ಎರಡ್ಮೂರು ಸರ್ವರ್ ಇದ್ರಂತೂ ಯುಪಿಎನ್‌ಪಿ ಒಂದಿನ ಒಂದು ಪೋರ್ಟ್ ಕೊಟ್ಟು ರೀಸ್ಟಾರ್ಟ್ ಆದ್ಮೇಲೆ ಇನ್ನೊಂದು ಕೊಟ್ಟು ತಲೆ ಕೆಡ್ಸತ್ತೆ.

ಅದಕ್ಕಿಂತ ಮುಖ್ಯ ಅಪ್‌ಡೇಟು. ಲಾಸ್ಟ್‌ಪಾಸ್ ಅನ್ನೋ ಪಾಸ್‌ವರ್ಡ್ ಕಂಪನಿಗೆ 2022ರಲ್ಲಿ ಕನ್ನ ಬಿತ್ತಲ್ಲ, ಅದ್ರ ಒಂದು ದಾರಿ ಹೋಗಿದ್ದು ಆ ಕಂಪನಿಯ ಇಂಜಿನಿಯರ್ ಒಬ್ರ ಮನೆ ಕಂಪ್ಯೂಟರಲ್ಲಿದ್ದ ಹಳೇ ಪ್ಲೆಕ್ಸಿನ ತೂತಿಂದ. ಆ ತೂತಿಗೆ ಪ್ಲೆಕ್ಸಿನೋರು 2020ರ ಮೇ ತಿಂಗಳಲ್ಲೇ ತೇಪೆ ಹಾಕಿದ್ರು, ಆ ಮನುಷ್ಯ ಅಪ್‌ಡೇಟ್ ಮಾಡಿರ್ಲಿಲ್ಲ. ಬರೀ ಸಿನಿಮಾ ತಾನೇ, ಯಾರ್ ಬಂದು ಏನ್ ಕದೀತಾರೆ ಅನ್ನೋರಿಗೆ ನಾನು ಇದನ್ನೇ ಹೇಳೋದು, ಸಿನಿಮಾ ಇರೋ ಮಷೀನಲ್ಲೇ ನಿಮ್ಮ ಬ್ಯಾಂಕ್ ಲಾಗಿನ್ನೂ ಇರತ್ತೆ.

ಪ್ರಶ್ನೆ: ಜಯನಗರದಲ್ಲಿ ನಮ್ಮನೆ, ಹುಬ್ಬಳ್ಳೀಲಿ ಮಾವನ ಮನೆ, ಎರಡೂ ಕಡೆ ಒಂದೊಂದು ಸರ್ವರ್ ಇದೆ. ರೂಟರಲ್ಲೇ ವೈರ್‌ಗಾರ್ಡ್ ವಿಪಿಎನ್ ಹಾಕಿ ಎರಡೂ ಮನೆ ಜೋಡಿಸ್ದೆ, ಕನೆಕ್ಟೆಡ್ ಅಂತ ತೋರ್ಸತ್ತೆ ಆದ್ರೆ ಹುಬ್ಬಳ್ಳಿ ಸರ್ವರ್ ಓಪನ್ ಮಾಡಿದ್ರೆ ನಮ್ಮನೆ ಪ್ರಿಂಟರ್ ಪೇಜ್ ಬರತ್ತೆ! ಇದೇನ್ ಮಾಟ?
— ಓದುಗರು, ಜಯನಗರ 4ನೇ ಬ್ಲಾಕ್

ಉತ್ತರ: ಈ ಪತ್ರ ಓದಿ ತುಂಬಾ ನಗು ಬಂತು, ಕ್ಷಮಿಸಿ. ಎರಡೂ ಮನೇಲಿ ರೂಟರ್ ಡಬ್ಬೀಲಿ ಬಂದ 192.168.1 ಅನ್ನೇ ಹಾಗೇ ಬಿಟ್ಟಿದೀರ. ಹುಬ್ಬಳ್ಳಿ ಸರ್ವರ್ 192.168.1.20, ನಿಮ್ಮನೆ ಪ್ರಿಂಟರೂ 192.168.1.20 ಅಂತಿಟ್ಕೊಳ್ಳಿ. ಪಕ್ಕದ ರೂಮಲ್ಲೇ ಆ ಅಡ್ರೆಸ್ ಸಿಕ್ತಿರೋವಾಗ ನಿಮ್ಮ ಲ್ಯಾಪ್‌ಟಾಪ್ ಯಾಕೆ ಹುಬ್ಬಳ್ಳಿಗೆ ಹೋಗತ್ತೆ ಹೇಳಿ. ನಮ್ಮೂರಲ್ಲಿ ಪ್ರತಿ ಬಡಾವಣೇಲೂ ಒಂದು 5ನೇ ಕ್ರಾಸ್ ಇರತ್ತಲ್ಲ, ಬಡಾವಣೆ ಹೆಸರು ಹೇಳ್ದೆ ಆಟೋ ಹತ್ತಿದ್ರೆ ಹತ್ರದ ಕ್ರಾಸಿಗೇ ಕರ್ಕೊಂಡ್ ಹೋಗ್ತಾನೆ.

ಒಂದು ಮನೇದಾದ್ರೂ ಬದಲಾಯ್ಸಿ, ನಿಮ್ಮದು 192.168.37 ಮಾಡ್ಕೊಳ್ಳಿ, ಹುಬ್ಬಳ್ಳೀದು 192.168.83, ಯಾವುದಾದ್ರೂ ಆಗತ್ತೆ, 0 ಮತ್ತು 1 ಮಾತ್ರ ಬೇಡ, ಅವೆರಡು ಊರಲ್ಲೆಲ್ಲಾ ಇವೆ, ನಾಳೆ ಕಾಫಿ ಅಂಗಡಿ ವೈಫೈಲಿ ಕೂತ್ರೂ ಇದೇ ಕಥೆ ಆಗತ್ತೆ. ಬದಲಾಯ್ಸಿದ್ಮೇಲೆ ರಿಸರ್ವೇಶನ್, ಫಾರ್ವರ್ಡಿಂಗ್ ಎಲ್ಲಾ ಹೊಸ ನಂಬರಿಗೆ ತಿದ್ದಬೇಕು, ವೈರ್‌ಗಾರ್ಡ್ ಫೈಲಲ್ಲಿ ಅಲೋಡ್ ಐಪೀಸ್ (AllowedIPs) ಅಂತ ಬರೋ ಸಾಲೂ ತಿದ್ದಬೇಕು.

ಆದ್ರೆ ನೀವು ಹಿಡ್ದಿರೋ ದಾರಿ ಒಳ್ಳೇದು. ವೈರ್‌ಗಾರ್ಡಿಗೆ ಆಚೆ ಬೇಕಾಗಿರೋದು ಒಂದೇ ಯುಡಿಪಿ ಪೋರ್ಟ್ (ಇಲ್ಲಿ ಟಿಸಿಪಿ ಅಲ್ಲ), ಸಾಮಾನ್ಯವಾಗಿ 51820. ಒಳಗೆ ಸರ್ವರ್ ಎರಡಿರ್ಲಿ ಹತ್ತಿರ್ಲಿ, ಆ ಒಂದು ಬಾಗಿಲಲ್ಲಿ ಬೀಗದ ಕೈ ತೋರ್ಸಿ ಒಳಗೆ ಬಂದೋರಿಗೆ ಎಲ್ಲಾ ಸಿಗತ್ತೆ, ಬೀಗದ ಕೈ ಇಲ್ದೇ ತಟ್ಟೋರಿಗೆ ಅದು ಉತ್ತರಾನೇ ಕೊಡಲ್ಲ, ಅಲ್ಲೊಂದು ಬಾಗಿಲಿದೆ ಅಂತಾನೂ ಗೊತ್ತಾಗಲ್ಲ. ರಾಜಾಜಿನಗರದ ತಮ್ಮನ ಜೆಲ್ಲಿಫಿನ್‌ಗೆ ನಾನು ಹೇಳಿದ ಬೇರೆ ದಾರಿ ಇದೇ, ಅಥವಾ ಟೇಲ್‌ಸ್ಕೇಲ್, ಅದ್ರ ಒಳಗೆ ಓಡೋದೂ ವೈರ್‌ಗಾರ್ಡೇ. ಟೇಲ್‌ಸ್ಕೇಲಲ್ಲಿ ಸಬ್‌ನೆಟ್ ರೂಟರ್ ಅಂತ ಒಂದಿದೆ, ಯಾವಾಗ್ಲೂ ಆನ್ ಇರೋ ಒಂದು ಮಷೀನಲ್ಲಿ ಮಾತ್ರ ಅದನ್ನ ಹಾಕಿ ಇಡೀ 192.168.37 ಅನ್ನ ತೋರ್ಸು ಅಂದ್ರೆ ನ್ಯಾಸ್, ಡೆಸ್ಕ್‌ಟಾಪ್ ಎಲ್ಲಾ ಅದ್ರ ಬೆನ್ನ ಮೇಲೆ ಬರತ್ತೆ.

ಹಾಗಾದ್ರೆ ಪೋರ್ಟ್ ಫಾರ್ವರ್ಡಿಂಗ್ ಯಾತಕ್ಕೆ ಬೇಕು ಅಂತ ಕೇಳ್ತೀರ. ಟೀವಿಗೆ. ಎಷ್ಟೋ ಸ್ಮಾರ್ಟ್ ಟೀವೀಲಿ ವಿಪಿಎನ್ ಆಪ್ ಹಾಕಕ್ಕಾಗಲ್ಲ, ಮೈಸೂರಲ್ಲಿರೋ ಅಕ್ಕಂಗೆ ಮೊದಲು ವಿಪಿಎನ್ ಆನ್ ಮಾಡು ಆಮೇಲೆ ಕಚೇರಿ ಕೇಳು ಅಂದ್ರೆ ಅವ್ರು ರೇಡಿಯೋ ಹಾಕ್ಕೋತಾರೆ. ಸೋ ದೊಡ್ಡೋರು ನೋಡೋ ಪ್ಲೆಕ್ಸಿಗೆ ಮಾತ್ರ ಪೋರ್ಟು, ಮಿಕ್ಕಿದ್ದಕ್ಕೆಲ್ಲಾ ವಿಪಿಎನ್, ನನ್ನ ಲೆಕ್ಕ ಇದು. ಇಲ್ಲಾ ಟೀವಿಗೆ ಒಂದು ಆಂಡ್ರಾಯ್ಡ್ ಟೀವಿ ಡಬ್ಬಿ ಸಿಗ್ಸಿ, ಅದಕ್ಕೆ ಟೇಲ್‌ಸ್ಕೇಲ್ ಆಪ್ ಇದೆ, ಒಂದ್ ಸಲ ಊರಿಗೆ ಹೋದಾಗ ನೀವೇ ಹಾಕ್ಕೊಟ್ಟು ಬನ್ನಿ.

ಪ್ರಶ್ನೆ: ಒಂದೇ ಪಿಸೀಲಿ ಎಂಬಿ ಇತ್ತು, ಜೆಲ್ಲಿಫಿನ್ ಟ್ರೈ ಮಾಡಣ ಅಂತ ಹಾಕಿದ್ರೆ ಸ್ಟಾರ್ಟೇ ಆಗ್ತಿಲ್ಲ.
— ಓದುಗರು, ಯಲಹಂಕ

ಉತ್ತರ: ಜೆಲ್ಲಿಫಿನ್ ಹುಟ್ಟಿದ್ದೇ ಎಂಬಿಯಿಂದ, 2018ರ ಕೊನೇಲಿ ಎಂಬಿಯೋರು ಸೋರ್ಸ್ ಕೋಡ್ ಮುಚ್ಕೊಂಡಾಗ ಕೆಲವರು ಹಳೇ ಕೋಡ್ ತಗೊಂಡು ಮನೆ ಬಿಟ್ಟು ಬಂದ್ರು. ಅಪ್ಪನ ಪೋರ್ಟೇ ಮಗಂಗೂ ಬಂದಿದೆ, ಇಬ್ರಿಗೂ 8096. ಎಂಬೀನ ಸ್ವಲ್ಪ ಹೊತ್ತು ನಿಲ್ಸಿ ಜೆಲ್ಲಿಫಿನ್ ಸ್ಟಾರ್ಟ್ ಮಾಡಿ, ಅದ್ರ ನೆಟ್‌ವರ್ಕಿಂಗ್ ಸೆಟ್ಟಿಂಗಲ್ಲಿ 8097 ಅಂತ ಬದಲಾಯ್ಸಿ ಇಬ್ರನ್ನೂ ಮತ್ತೆ ಎಬ್ಬಿಸಿ. ಇಲ್ಲಿ ವಠಾರದ ಲೆಕ್ಕ ನಡಿಯಲ್ಲ ನೋಡಿ, ಒಂದೇ ಮನೆಗೆ ಒಂದೇ ನಂಬರಿನ ಎರಡು ಬಾಗಿಲು ಇರಕ್ಕಾಗಲ್ಲ, ಒಳಗಿನ ನಂಬರೇ ಬದಲಾಗ್ಬೇಕು.

ಪ್ರಶ್ನೆ: ಆಚೆಯಿಂದ ಕನೆಕ್ಟ್ ಆಗತ್ತೆ, ಹಸಿರು ಟಿಕ್ ಇದೆ, ಆದ್ರೆ ಪಿಕ್ಚರ್ ಎರಡು ನಿಮಿಷ ಓಡತ್ತೆ ಮೂರು ನಿಮಿಷ ಸುತ್ತತ್ತೆ. ಪೋರ್ಟ್ ಬದಲಾಯ್ಸಿದ್ರೆ ಸರಿ ಹೋಗತ್ತಾ?
— ಓದುಗರು, ಕೆಂಗೇರಿ

ಉತ್ತರ: ಇಲ್ಲ. ಪೋರ್ಟ್ ಅನ್ನೋದು ಬಾಗಿಲ ನಂಬರು, ಬಾಗಿಲ ಅಗಲ ಅಲ್ಲ. ನಿಮ್ಮನೆ ಅಪ್‌ಲೋಡ್ ಸ್ಪೀಡ್ ನೋಡಿ, ಆಚೆ ಕೂತೋರ ಡೌನ್‌ಲೋಡ್ ಆಗೋದು ನಿಮ್ಮ ಅಪ್‌ಲೋಡಿಂದ. 1080ರ ಒಂದು ಒಳ್ಳೇ ಫೈಲಿಗೆ ಸುಮಾರು 10 ಎಂಬಿಪಿಎಸ್ ಬೇಕು, 4ಕೆ ಡಿಸ್ಕಿಂದ ಹಾಗೇ ಎತ್ತಿದ ಫೈಲಾದ್ರೆ 60, 70 ದಾಟತ್ತೆ. ಸರ್ವರ್ ಮೂರಿದ್ರೂ ಅಪ್‌ಲೋಡ್ ಒಂದೇ, ಮೂರೂ ಕಡೆ ಒಂದೊಂದು ಜನ ನೋಡ್ತಿದ್ರೆ ಅದನ್ನೇ ಹಂಚ್ಕೋಬೇಕು, ಅದಕ್ಕೆ ಪ್ರತಿ ಸರ್ವರಲ್ಲೂ ಆಚೆ ಹೋಗೋ ಬಿಟ್‌ರೇಟಿಗೆ (ಸೆಕೆಂಡಿಗೆ ಎಷ್ಟು ಡೇಟಾ ಅನ್ನೋದು) ಒಂದು ಮಿತಿ ಹಾಕಿ.

ಮಿತಿ ಹಾಕಿದ್ರೆ ಸರ್ವರ್ ಫೈಲನ್ನ ಆಗಿಂದಾಗ್ಲೇ ಚಿಕ್ಕದು ಮಾಡಿ ಕಳಿಸ್ಬೇಕು, ಅಂದ್ರೆ ಟ್ರಾನ್ಸ್‌ಕೋಡಿಂಗ್, ಅದಕ್ಕೆ ಮಷೀನಲ್ಲಿ ದಮ್ ಬೇಕು. ಇಂಟೆಲ್ ಕ್ವಿಕ್ ಸಿಂಕ್ (ಚಿಪ್ಪಲ್ಲೇ ಇರೋ, ವಿಡಿಯೋ ಬದಲಾಯ್ಸೋ ಭಾಗ) ಇರೋ ಚಿಕ್ಕ ಮಿನಿ ಪಿಸಿ ಇದನ್ನ ಆರಾಮಾಗಿ ಮಾಡತ್ತೆ, ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ಒದ್ದಾಡತ್ತೆ. ಪ್ಲೆಕ್ಸಲ್ಲಿ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗಿಗೆ ದುಡ್ಡು ಕೊಟ್ಟು ತಗೊಳ್ಳೋ ಪ್ಲೆಕ್ಸ್ ಪಾಸ್ ಬೇಕು, ಜೆಲ್ಲಿಫಿನಲ್ಲಿ ದುಡ್ಡಿಲ್ಲ.

ಇನ್ನೊಂದು ಅನುಮಾನ, ಕೆಲವೊಮ್ಮೆ ನೇರ ದಾರಿ ಸಿಗ್ದೇ ಹೋದಾಗ ಪ್ಲೆಕ್ಸ್ ತನ್ನ ರಿಲೇ ಮೂಲಕ ಸುತ್ತಾಕ್ಕೊಂಡು ಕಳಿಸತ್ತೆ, ಅದ್ರಲ್ಲಿ 2 ಎಂಬಿಪಿಎಸ್‌ಗಿಂತ ಜಾಸ್ತಿ ಹೋಗಲ್ಲ. ಚಿತ್ರ ಮಸುಕಾಗಿ ಬರ್ತಿದ್ರೆ ರಿಲೇ ಆಫ್ ಮಾಡಿ ನೋಡಿ, ಪೂರ್ತಿ ನಿಂತೋದ್ರೆ ನಿಮ್ಮ ಫಾರ್ವರ್ಡಿಂಗ್ ಕೆಲ್ಸಾನೇ ಮಾಡ್ತಿರ್ಲಿಲ್ಲ ಅಂತ ಅರ್ಥ, ಮೊಟ್ಟಮೊದಲ ಎರಡು ಉತ್ತರ ಮತ್ತೆ ಓದಿ. ಹಾಗೇ 2025ರ ಏಪ್ರಿಲ್ ಕೊನೆಯಿಂದ ಪ್ಲೆಕ್ಸಲ್ಲಿ ಮನೆ ಆಚೆಯಿಂದ ನಮ್ಮದೇ ವಿಡಿಯೋ ನೋಡಕ್ಕೂ ದುಡ್ಡು, ಒಂದೋ ಸರ್ವರ್ ಯಜಮಾನ್ರ ಹತ್ರ ಪ್ಲೆಕ್ಸ್ ಪಾಸ್ ಇರ್ಬೇಕು, ಇಲ್ಲಾ ನೋಡೋರು ರಿಮೋಟ್ ವಾಚ್ ಪಾಸ್ ತಗೋಬೇಕು. ನಮ್ಮ ಡಿಸ್ಕು, ನಮ್ಮ ಕರೆಂಟು, ನಮ್ಮ ಇಂಟರ್ನೆಟ್ಟು, ಬಾಡಿಗೆ ಅವ್ರಿಗೆ. ಇದಾದ್ಮೇಲೆ ಜೆಲ್ಲಿಫಿನ್ ಬಗ್ಗೆ ಕೇಳಿ ಬರೋ ಪತ್ರಗಳು ಜಾಸ್ತಿ ಆಗಿವೆ.

ಪ್ರಶ್ನೆ: ಎಲ್ಲಾ ಸರಿ ಇತ್ತು, ಕರೆಂಟ್ ಹೋಗಿ ಬಂದ್ಮೇಲೆ ಆಫೀಸಿಂದ ಮನೆ ವೈರ್‌ಗಾರ್ಡ್ ಕನೆಕ್ಟ್ ಆಗ್ತಿಲ್ಲ. ಪ್ರತಿ ಮಳೆಗೂ ಇದೇ.
— ಓದುಗರು, ವಿಜಯನಗರ

ಉತ್ತರ: ರೂಟರ್ ಆಫ್ ಆಗಿ ಆನ್ ಆದಾಗ ಕಂಪನಿ ಹೊಸ ಪಬ್ಲಿಕ್ ಐಪಿ ಕೊಟ್ಟಿರತ್ತೆ, ನಿಮ್ಮ ಫೋನಲ್ಲಿ ಹಳೇದೇ ಇದೆ. ಡಕ್‌ಡಿಎನ್‌ಎಸ್ ಥರದ ಉಚಿತ ಸೇವೇಲಿ ಒಂದು ಹೆಸರು ತಗೊಂಡು, ರೂಟರಲ್ಲೋ ಸರ್ವರಲ್ಲೋ ಅದು ಐಪೀನ ಆಗಾಗ ಅಪ್‌ಡೇಟ್ ಮಾಡೋ ಹಾಗೆ ಇಟ್ಟು, ವೈರ್‌ಗಾರ್ಡ್ ಫೈಲಲ್ಲಿ ಐಪಿ ಬದ್ಲು ಆ ಹೆಸರು ಬರೀರಿ. ಜೊತೆಗೆ ಫೈಬರ್ ಡಬ್ಬಿಗೂ ರೂಟರ್‌ಗೂ 12 ವೋಲ್ಟಿನ ಚಿಕ್ಕ ಯುಪಿಎಸ್ ಸಿಗತ್ತೆ, ಕೊಳ್ಳೋ ಮೊದಲು ಅಡಾಪ್ಟರ್ ಮೇಲೆ 12 ವೋಲ್ಟೇ ಇದೆಯಾ, ಪಿನ್ ಕೂರತ್ತಾ ಎರಡೂ ನೋಡ್ಕೊಳ್ಳಿ, ನಾನು ಮೊದಲು ತಂದಿದ್ರ ಪಿನ್ ದಪ್ಪ ಇತ್ತು, ಅದು ಇನ್ನೂ ಶೋಕೇಸಲ್ಲೇ ಇದೆ.